ಹೊಲದ ಅಳತೆಯೂ ಕೈಯೊಳಗಿನ ಮೊಬೈಲೂ

(ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕಾಮಗಾರರ ಮತ್ತು ರೈತರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಬೆಲೆಯೇರಿಕೆಯ ಮೇಲೆ ಮಾತಾಡಬೇಕೆಂದು ನಾನು ಸಿದ್ಧನಾಗಿ ಬಂದಿದ್ದೆ. ಆದರೆ ಇಲ್ಲಿಯ ಗೆಳೆಯರು, ಅದನ್ನು ಎಲ್ಲ ಸಭೆಯಲ್ಲಿಯೂ ಕೇಳುತ್ತೇವೆ, ಮೊಬೈಲಿನಲ್ಲಿ ಹೊಲ ಅಳೆಯುತ್ತಾರಲ್ಲ, ಅದರ ಅಂಕೆಯನ್ನು ಓದುವುದು ಹೇಗೆಂಬುದನ್ನು ಹೇಳಿರಿ ಎಂದರು. ಮೊದಲು ನನಗೆ ಇದು ಸಣ್ಣ ವಿಷಯವೆನಿಸಿತು. ಊಟಕ್ಕೆ ಕುಳಿತಾಗ ಒಬ್ಬ ತಾಯಿ ತನ್ನ ಕಳೆ ತೆಗೆಯುವ ಗುಂಪಿನ ಲೆಕ್ಕ ಹೇಳಿದಳು. ಆ ಮೇಲೆ ಸಣ್ಣದೆನಿಸಲಿಲ್ಲ.

ಆ ಲೆಕ್ಕ ಹೀಗಿದೆ. ಹದಿನಾಲ್ಕು ಮಂದಿ ಹೆಂಗಸರು ಒಂದು ಉಳ್ಳಾಗಡ್ಡಿ ಹೊಲದ ಕಳೆಯನ್ನು ಎಕರೆಯ ಲೆಕ್ಕದಲ್ಲಿ ಗುತ್ತಿಗೆ ಹಿಡಿದರು. ಎಕರೆಗೆ ನಾಲ್ಕು ಸಾವಿರ ಎಂದಿಟ್ಟುಕೊಳ್ಳಿರಿ. ಹೊಲದ ಉತಾರದಲ್ಲಿ 2-35 ಎಂದು ಬರೆದಿದೆ. ಕೆಲಸ ಮುಗಿಯಿತು. ಮಾಲಕನ ಮಗ ಕಾಲೇಜಿಗೆ ಹೋಗುವ ಹುಡುಗ. ಮೊಬೈಲು ತೆಗೆದು 2.35 ನ್ನು ನಾಲ್ಕು ಸಾವಿರದಿಂದ ಗುಣಿಸಿದ. 9,400 ರೂಪಾಯಿ ಬಂದಿತು. ಎಣಿಸಿ ಕೊಟ್ಟ. ಇವರು ತೆಗೆದುಕೊಂಡರು. ಕೊಟ್ಟವನ ಮನಸ್ಸಿನಲ್ಲಿ ಮೋಸವಿರಲಿಲ್ಲವೆಂದು ಆ ತಾಯಿಯೇ ಹೇಳಿದಳು. ಆದರೆ 2-35 ಎಂದರೆ ಎರಡು ಎಕರೆ ಮೂವತ್ತೈದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಅದು ದಶಮಾಂಶದಲ್ಲಿ 2.875 ಎಕರೆ ಆಗುತ್ತದೆ. ಕೊಡಬೇಕಾದದ್ದು 11,500 ರೂಪಾಯಿ. ಎರಡು ಸಾವಿರದ ಒಂದು ನೂರು ರೂಪಾಯಿ ಒಂದು ಚುಕ್ಕಿಯಲ್ಲಿ ಹೋಯಿತು. ತಲೆಗೆ ನೂರಾ ಐವತ್ತು. ಮೊಬೈಲು ಸುಳ್ಳು ಹೇಳಲಿಲ್ಲ, ಉತಾರವೂ ಸುಳ್ಳು ಹೇಳಲಿಲ್ಲ. ಇವೆರಡರ ನಡುವೆ ನಿಂತು ಓದುವವನಿಗೆ ಓದು ಬರಲಿಲ್ಲ.

ನಿಮ್ಮಲ್ಲಿ ವಯಸ್ಸಾದವರಿಗೆ ಇದು ಬೇಗ ತಿಳಿಯುತ್ತದೆ. ಹಿಂದೆ ಕಿರಾಣಿ ಅಂಗಡಿಯ ಖಾತೆಯಲ್ಲಿ 2-8-0 ಎಂದು ಬರೆದರೆ ಯಾರೂ ಅದನ್ನು ಎರಡು ರೂಪಾಯಿ ಎಂಬತ್ತು ಪೈಸೆ ಎಂದು ಓದುತ್ತಿರಲಿಲ್ಲ. ಅದು ಎರಡು ರೂಪಾಯಿ ಎಂಟಾಣೆ, ಅಂದರೆ ಎರಡೂವರೆ. 1957 ರ ಏಪ್ರಿಲಿನಲ್ಲಿ ನಯಾಪೈಸೆ ಬಂದು ರೂಪಾಯಿಯ ಹದಿನಾರಾಣೆ ಹೋಯಿತು. ಹೊಲದ ಹದಿನಾರಾಣೆ ಹೋಗಲಿಲ್ಲ. ಇಂದಿಗೂ ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಎಂಬ ಮೂರು ಮನೆಗಳಿವೆ. ನಲವತ್ತು ಗುಂಟೆಗೆ ಎಕರೆ, ಹದಿನಾರಾಣೆಗೆ ಗುಂಟೆ. ಆದುದರಿಂದ ಪಹಣಿಯನ್ನು ಓದುವಾಗ ನೀವು ಹಳೆಯ ಕಿರಾಣಿ ಖಾತೆ ಓದುತ್ತಿದ್ದೀರಿ ಎಂದು ತಿಳಿಯಿರಿ. ಮೊಬೈಲನ್ನು ಓದುವಾಗ ಈಗಿನ ರೂಪಾಯಿ ಪೈಸೆ ಓದುತ್ತಿದ್ದೀರಿ ಎಂದು ತಿಳಿಯಿರಿ.

ಮೊಬೈಲಿನ ಎಕರೆಯನ್ನು ಗುಂಟೆಗೆ ತರುವುದು ಕಷ್ಟವಲ್ಲ. ಚುಕ್ಕಿಯ ಮುಂದಿನ ಅಂಕೆಯನ್ನು ಮಾತ್ರ ತೆಗೆದುಕೊಂಡು ನಲವತ್ತರಿಂದ ಗುಣಿಸಿರಿ. ಮೊಬೈಲು 1.37 ಎಕರೆ ಎಂದರೆ, 0.37 ನ್ನು ನಲವತ್ತರಿಂದ ಗುಣಿಸಿದಾಗ 14.8. ಹದಿನಾಲ್ಕು ಗುಂಟೆ ಆಯಿತು. ಉಳಿದ 0.8 ನ್ನು ಹದಿನಾರರಿಂದ ಗುಣಿಸಿದರೆ ಹದಿಮೂರಾಣೆಗೆ ಹತ್ತಿರ. ಒಂದು ಎಕರೆ ಹದಿನಾಲ್ಕು ಗುಂಟೆ ಹದಿಮೂರಾಣೆ. ಮೊಬೈಲು ಹೆಕ್ಟೇರಿನಲ್ಲಿ ತೋರಿಸಿದರೆ ಮೊದಲು 2.471 ರಿಂದ ಗುಣಿಸಿ ಎಕರೆ ಮಾಡಿಕೊಳ್ಳಿರಿ. 0.86 ಹೆಕ್ಟೇರು ಎಂದರೆ ಎರಡು ಎಕರೆ ಐದು ಗುಂಟೆ. ಚದರ ಮೀಟರಿನಲ್ಲಿ ತೋರಿಸಿದರೆ ನೂರಾ ಒಂದರಿಂದ ಭಾಗಿಸಿರಿ, ಗುಂಟೆ ಬರುತ್ತದೆ. ಇನ್ನು ಕೆಲವು ಆ್ಯಪುಗಳಲ್ಲಿ ಸೆಂಟು ಎಂಬ ಅಳತೆ ಇರುತ್ತದೆ. ಅದು ಎಕರೆಯ ನೂರನೆಯ ಒಂದು ಪಾಲು. ಎರಡೂವರೆ ಸೆಂಟು ಕೂಡಿದರೆ ನಮ್ಮ ಒಂದು ಗುಂಟೆ. ಸೆಂಟನ್ನು ಗುಂಟೆ ಎಂದು ತಿಳಿದವನು ಹತ್ತು ಗುಂಟೆ ಕೊಂಡೆನೆಂದು ಮನೆಗೆ ಹೋಗಿ ನಾಲ್ಕೇ ಗುಂಟೆಯ ಒಡೆಯನಾಗಿರುತ್ತಾನೆ. ಅಂಗಡಿಕಾರ ಮಿತ್ರರು ಇಲ್ಲಿ ಕುಳಿತಿದ್ದೀರಿ, ನಿವೇಶನ ಕೊಳ್ಳುವವರು ನೀವೇ ಹೆಚ್ಚು. ಅಂಕೆಯ ಮುಂದೆ ಯಾವ ಅಕ್ಷರ ಇದೆ ಎಂಬುದನ್ನು ನೋಡದೆ ಅಂಕೆಯನ್ನು ನಂಬಬೇಡಿರಿ.

ಈ ಗುಂಟೆ ಎಂಬುದು ಎಲ್ಲಿಂದ ಬಂತು? ಅದನ್ನೂ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಅಳತೆ ಆಕಾಶದಿಂದ ಇಳಿಯಿತೆಂದು ನಾವು ತಿಳಿಯುತ್ತೇವೆ. ಧಾರವಾಡ ಸೀಮೆಯ ಹಳೆಯ ಗುಡಿಗಳ ಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮ ಎಂದು ಅಳೆದಿದ್ದಾರೆ. ಯಾವ ಕೋಲಿನಿಂದ ಅಳೆದ ಮತ್ತರು ಎಂಬುದನ್ನೂ ಅನೇಕ ಕಡೆ ಕಲ್ಲಿನಲ್ಲಿ ಬರೆದಿದ್ದಾರೆ. ಕೋಲು ಬದಲಾದರೆ ಮತ್ತರು ಬದಲಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಅಜ್ಜಂದಿರು ಕೂರಿಗೆಯ ಲೆಕ್ಕ ಹೇಳುತ್ತಿದ್ದರು. ಒಂದು ಕೂರಿಗೆ ಒಂದು ದಿನಕ್ಕೆ ಎಷ್ಟು ಬಿತ್ತುತ್ತದೋ ಅಷ್ಟು ನೆಲ. ಎತ್ತು ಗಟ್ಟಿಯಿದ್ದರೆ ಹೊಲ ದೊಡ್ಡದು, ಎತ್ತು ಬಡಕಲಾದರೆ ಹೊಲ ಸಣ್ಣದು! ಇದು ದುಡಿಮೆಯ ಅಳತೆ. ಬಿತ್ತುವವನಿಗೆ ಸರಿಯಾಗಿತ್ತು, ವಸೂಲಿ ಮಾಡುವವನಿಗೆ ಸಾಲಲಿಲ್ಲ.

ಇಂಗ್ಲಿಷರಿಗೆ ವಸೂಲಿ ಬೇಕಿತ್ತು. ಮುಂಬಯಿ ಇಲಾಖೆಯಲ್ಲಿ 1836 ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಮೋಜಣಿಯನ್ನು ಆರಂಭಿಸಿದರು. 1840 ರ ದಶಕದಲ್ಲಿ ಆ ಸರಪಣಿ ನಮ್ಮ ಧಾರವಾಡ ಜಿಲ್ಲೆಗೆ ಬಂದಿತು. ಒಂದು ಜೋಡಿ ಎತ್ತು ಸಾಗಿಸಬಹುದಾದಷ್ಟು ನೆಲಕ್ಕೆ ಒಂದು ಸರ್ವೆ ನಂಬರು ಎಂಬ ಅಂದಾಜಿನ ಮೇಲೆ ಹೊಲಗಳನ್ನು ಒಡೆದರು, ಮೂಲೆಗೆ ಬಾಂದಿನ ಕಲ್ಲು ಹುಗಿದರು. ಅವರ ಸರಪಣಿ ಮೂವತ್ತಮೂರು ಫೂಟು ಉದ್ದ, ಅದರಲ್ಲಿ ಹದಿನಾರು ಆಣೆ. ಮೂವತ್ತಮೂರು ಫೂಟು ಉದ್ದ, ಮೂವತ್ತಮೂರು ಫೂಟು ಅಗಲ, ಇದೇ ನಮ್ಮ ಗುಂಟೆ, 1,089 ಚದರ ಫೂಟು. ಇಂಥ ನಲವತ್ತು ಕೂಡಿದರೆ 43,560 ಚದರ ಫೂಟು, ಒಂದು ಎಕರೆ. ಮಣ್ಣಿನ ಗುಣವನ್ನೂ ಅವರು ಆಣೆಯಲ್ಲಿಯೇ ಕಟ್ಟಿದರು. ಹದಿನಾರಾಣೆ ಮಣ್ಣು ಎಂದರೆ ಎಲ್ಲಕ್ಕೂ ಮೇಲಿನ ಎರೆ. ಹೀಗೆ ದುಡ್ಡಿನ ಆಣೆ, ಸರಪಣಿಯ ಆಣೆ, ಮಣ್ಣಿನ ಆಣೆ ಎಂದು ಮೂರು ಆಣೆಗಳು. ಕುಲಕರ್ಣಿಯ ದಫ್ತರ ರೈತನಿಗೆ ಮಂತ್ರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಮಂತ್ರದ ಹಿಂದೆ ಅಧಿಕಾರವಿತ್ತು. ಅಳತೆಯ ಸಾಧನ ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ. ನಮ್ಮ ಪಕ್ಷದ ಇತಿಹಾಸವನ್ನೇ ನೋಡಿರಿ. 1951 ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು, ಸಮಾಜವಾದಿಗಳು ಅದರೊಡನೆ ನಿಂತರು, ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಆ ಜಗಳದ ಬೇರುಗಳಲ್ಲಿ ಒಂದು ಯಾವುದು? ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದು. ಒಡೆಯನ ಕೊಳಗ ದೊಡ್ಡದು, ಉಳುವವನ ಲೆಕ್ಕದ ಕೊಳಗ ಚಿಕ್ಕದು. ಇನ್ನು ಈ ನವಲಗುಂದದ ನೆಲದಲ್ಲಿ ನಿಂತು 1980 ರ ಜುಲೈ 21 ನ್ನು ನಾನು ನಿಮಗೆ ನೆನಪು ಮಾಡಿಕೊಡಬೇಕಾಗಿಲ್ಲ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಎಕರೆಯ ಮೇಲೆ ಅಭಿವೃದ್ಧಿ ಕರ ಹೇರಿದರು. ಕಾಗದದಲ್ಲಿ ಎಕರೆಗಳು ನೀರುಂಡವು, ಹೊಲದಲ್ಲಿ ಉಣ್ಣಲಿಲ್ಲ. ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು, ಜೀವಗಳು ಹೋದವು. ಕಾಗದದ ಎಕರೆಗೂ ನೆಲದ ಎಕರೆಗೂ ಇರುವ ಅಂತರ ಈ ಊರಿನವರಿಗೆ ಪುಸ್ತಕದಿಂದ ಕಲಿಯುವ ಪಾಠವಲ್ಲ.

ಈಗ ಸರಪಣಿ ಎಲ್ಲರ ಜೇಬಿನಲ್ಲಿ ಬಂದಿದೆ. ಇದು ಒಳ್ಳೆಯದೇ. ತಲಾಟಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವನ ಮೊಮ್ಮಗ ಇಂದು ತಾನೇ ಹೊಲ ಸುತ್ತಿ ಅಂಕೆ ತೆಗೆಯುತ್ತಾನೆ. ಆದರೆ ಈ ಸರಪಣಿ ಎಷ್ಟು ನೆಟ್ಟಗಿದೆ ಎಂಬುದನ್ನು ತಿಳಿದುಕೊಂಡು ಹಿಡಿಯಬೇಕು.

ಇದು ಕೆಲಸ ಮಾಡುವ ರೀತಿ ಇಷ್ಟು. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ತಿರುಗುತ್ತವೆ; ಅವು ಬಿಡುವ ಸಮಯದ ಸಂಕೇತವನ್ನು ಮೊಬೈಲು ಹಿಡಿದು, ಕನಿಷ್ಠ ನಾಲ್ಕು ಉಪಗ್ರಹಗಳಿಂದ ತಾನೆಷ್ಟು ದೂರದಲ್ಲಿದ್ದೇನೆ ಎಂದು ಲೆಕ್ಕ ಹಾಕಿ, ತಾನಿರುವ ಬಿಂದುವನ್ನು ಗುರುತಿಸುತ್ತದೆ. ಜಿ.ಪಿ.ಎಸ್. ಎಂಬ ಈ ವ್ಯವಸ್ಥೆ ಅಮೆರಿಕದ ಸೈನ್ಯದ್ದು. 2000 ದ ಮೇ ತಿಂಗಳ ವರೆಗೆ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅವರು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ಈಗ ಕೆಡಿಸುವುದಿಲ್ಲ. ರಶಿಯದ, ಯುರೋಪಿನ, ಚೀನದ ಉಪಗ್ರಹಗಳೂ ಇವೆ, ನಮ್ಮ ಇಸ್ರೋ ಸಂಸ್ಥೆಯ ನಾವಿಕ್ ಕೂಡ ಇದೆ. ಇಷ್ಟೆಲ್ಲ ಇದ್ದರೂ ಬಯಲಿನಲ್ಲಿ, ನಿಚ್ಚಳ ಆಕಾಶದ ಕೆಳಗೆ, ಸಾಮಾನ್ಯ ಮೊಬೈಲು ನೀವು ನಿಂತ ಜಾಗವನ್ನು ಸುಮಾರು ಐದು ಮೀಟರಿನ ಒಳಗೆ ಹೇಳುತ್ತದೆ. ಐದು ಮೀಟರು ಎಂದರೆ ಹದಿನಾರು ಫೂಟು! ಅಣ್ಣಿಗೇರಿ, ನವಲಗುಂದದ ಎರೆಬಯಲಿನಲ್ಲಿ ಈ ಮಾತು. ಕಲಘಟಗಿಯ ಕಡೆ ಗಿಡಮರಗಳ ನೆರಳಿನಲ್ಲಿ, ಗುಡ್ಡದ ಮಗ್ಗುಲಲ್ಲಿ ಇನ್ನೂ ಕೆಡುತ್ತದೆ. ನಕ್ಷೆಯಲ್ಲಿ ನಿಮ್ಮ ಚುಕ್ಕಿಯ ಸುತ್ತ ಒಂದು ನೀಲಿ ವರ್ತುಲ ಕಾಣುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಆ ವರ್ತುಲ ಮೊಬೈಲಿನ ಪ್ರಾಮಾಣಿಕತೆ: ನಾನು ಇದರೊಳಗೆ ಎಲ್ಲಿಯೋ ಇದ್ದೇನೆ, ಇದಕ್ಕಿಂತ ಹೆಚ್ಚು ಕೇಳಬೇಡ ಎಂದು ಅದು ಹೇಳುತ್ತಿದೆ. ವರ್ತುಲ ಸಣ್ಣದಾಗುವ ತನಕ ಮೂಲೆಯಲ್ಲಿ ಒಂದೆರಡು ನಿಮಿಷ ನಿಲ್ಲಬೇಕು. ಓಡುತ್ತ ಅಳೆದ ಹೊಲ ಓಡಿದ ಹೊಲವೇ ಆಗುತ್ತದೆ.

ಮತ್ತೆ ಕೆಲವರು ಹೊಲಕ್ಕೆ ಹೋಗುವುದೇ ಇಲ್ಲ. ಚಹದಂಗಡಿಯಲ್ಲಿ ಕುಳಿತು ಉಪಗ್ರಹದ ಚಿತ್ರದ ಮೇಲೆ ಬೆರಳಿನಿಂದ ಮೂಲೆಗಳನ್ನು ಒತ್ತುತ್ತಾರೆ. ಚಿತ್ರವೇ ನೆಲದ ಮೇಲೆ ಕೆಲವು ಮೀಟರು ಸರಿದು ಕುಳಿತಿರಬಹುದು. ಬೆರಳಿಟ್ಟು ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಸತ್ಯ ಹೆಚ್ಚಾಗುವುದಿಲ್ಲ. ಚಿತ್ರ ಎರಡು ವರ್ಷ ಹಳೆಯದಿದ್ದು, ಬೆಣ್ಣೆಹಳ್ಳ ಆ ಮೇಲೆ ಬದುವನ್ನು ಕೊಚ್ಚಿಕೊಂಡು ಹೋಗಿದ್ದರೆ ಹೋದ ನೆಲವೂ ಲೆಕ್ಕದಲ್ಲಿ ಬರುತ್ತದೆ. ಮೂಲೆಗಳನ್ನು ಸಾಲಾಗಿ ಒತ್ತದೆ ಅಡ್ಡಾದಿಡ್ಡಿ ಒತ್ತಿದರೆ ಗೆರೆಗಳು ಒಂದನ್ನೊಂದು ಕತ್ತರಿಸಿ ಅರ್ಧ ಹೊಲ ಇನ್ನರ್ಧವನ್ನು ಕಳೆಯುತ್ತದೆ, ಅಂಕೆ ಸೊನ್ನೆಗೂ ಬಂದೀತು. ಅದು ಒಳ್ಳೆಯದು, ಏಕೆಂದರೆ ಸೊನ್ನೆಯನ್ನು ಯಾರೂ ನಂಬುವುದಿಲ್ಲ. ಅಪಾಯವಿರುವುದು ನಂಬಿಕೆಗೆ ಯೋಗ್ಯವಾಗಿ ಕಾಣುವ ತಪ್ಪು ಅಂಕೆಯಲ್ಲಿ.

ಬದುವಿನ ಮೇಲೆ ನಡೆದು ಅಳೆಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿರಿ. ಒಂದು ಎಕರೆಯ ಚೌಕ ಹೊಲಕ್ಕೆ ಒಂದು ಮಗ್ಗುಲು ಸುಮಾರು 208 ಫೂಟು 9 ಅಂಗುಲ. ಅದರ ಸುತ್ತ ಮೂರೇ ಫೂಟು ಹೊರಗೆ ನಡೆದರೆ ಮೊಬೈಲಿನಲ್ಲಿ ಎರಡು ಗುಂಟೆಗಿಂತ ಹೆಚ್ಚು, ಎರಡೂಕಾಲು ದಾಟುವಷ್ಟು, ಹೆಚ್ಚಿಗೆ ಬರುತ್ತದೆ. ಅದೇ ಒಂದು ಎಕರೆ 66 ಫೂಟು ಅಗಲ, 660 ಫೂಟು ಉದ್ದದ ಪಟ್ಟಿಯಾಗಿದ್ದರೆ ಅದೇ ಮೂರು ಫೂಟಿಗೆ ನಾಲ್ಕು ಗುಂಟೆ ಹೆಚ್ಚು. ಆ ಪಟ್ಟಿ ಅಣ್ಣತಮ್ಮಂದಿರಲ್ಲಿ ಮತ್ತೆ ಒಡೆದು, 33 ಫೂಟು ಅಗಲ 1,320 ಫೂಟು ಉದ್ದವಾದ ಒಂದು ಎಕರೆ ಎಂದಿಟ್ಟುಕೊಳ್ಳಿರಿ, ಆಗ ಏಳೂವರೆ ಗುಂಟೆ ಹೆಚ್ಚು ಬರುತ್ತದೆ. ನೆಲ ಬೆಳೆಯಲಿಲ್ಲ, ಹೆಜ್ಜೆ ಮೂರು ಫೂಟು ಹೊರಗೆ ಬಿತ್ತು. ಉಲ್ಟಾ ಬದುವಿನ ಒಳಗೆ ನಡೆದರೆ ಅಷ್ಟೇ ಕಡಿಮೆಗೆ ಹತ್ತಿರ. ಹಾಗಾದರೆ ಮೊಬೈಲಿನ ಅಳತೆ ಯಾರನ್ನು ಹೆಚ್ಚು ಬಾಧಿಸುತ್ತದೆ? ನೂರು ಎಕರೆಯವನಿಗೆ ಈ ತಪ್ಪು ಉಪ್ಪಿನ ಕಾಳು. ಪಾಲಾಗಿ ಪಾಲಾಗಿ ಪಟ್ಟಿಯಂತೆ ಉಳಿದ ನೆಲವನ್ನು ನಂಬಿದ ಬಡವನಿಗೆ ಅದು ಒಂದು ಹೊತ್ತಿನ ಜೋಳ. ಯಂತ್ರಕ್ಕೆ ವರ್ಗಭೇದವಿಲ್ಲವೆನ್ನುತ್ತಾರೆ. ತಪ್ಪಿಗೆ ಇದೆ.

ನಿವೇಶನದ ಮಾತಂತೂ ಕೇಳಲೇಬೇಡಿರಿ. ಮೂವತ್ತು ನಲವತ್ತರ ಜಾಗ 1,200 ಚದರ ಫೂಟು, ಗುಂಟೆಗಿಂತ ಸ್ವಲ್ಪ ಹೆಚ್ಚು. ಅದರ ಸುತ್ತ ಮೂರು ಫೂಟು ಹೊರಗೆ ನಡೆದರೆ 1,656 ಚದರ ಫೂಟು ತೋರಿಸುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ತಪ್ಪು! ಹುಬ್ಬಳ್ಳಿಯ ಸುತ್ತ ನಿವೇಶನ ತೋರಿಸುವ ದಲ್ಲಾಳಿ ಮೊಬೈಲು ತಿರುಗಿಸಿ ಅಳತೆ ತೋರಿಸಿದರೆ, ಅಣ್ಣಾ, ಮೊದಲು ಟೇಪು ತಾ ಎನ್ನಿರಿ. ಜೋಳದ ಚೀಲ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ?

ಇನ್ನು ದಿಶಾಂಕ ಎಂಬ ಸರಕಾರಿ ಆ್ಯಪಿನ ಮಾತು. ಕರ್ನಾಟಕದ ಭೂಮಾಪನ ಇಲಾಖೆಯ ನಕ್ಷೆಗಳನ್ನು ಇದರಲ್ಲಿ ಕೂಡಿಸಿದ್ದಾರೆ. ನೀವು ನಿಂತ ಜಾಗದ ಸರ್ವೆ ನಂಬರು ಯಾವುದು, ಅದು ಸರಕಾರಿ ನೆಲವೋ ಅಲ್ಲವೋ, ಹತ್ತಿರ ಕೆರೆ ಹಳ್ಳ ಇವೆಯೋ ಎಂಬುದಕ್ಕೆ ಇದು ಒಳ್ಳೆಯ ಸಾಧನ. ನಿವೇಶನಕ್ಕೆ ಮುಂಗಡ ಕೊಡುವ ಮುನ್ನ ಇದನ್ನು ತೆರೆದು ನೋಡಿದವರು ಎಷ್ಟೋ ಕಷ್ಟದಿಂದ ಪಾರಾಗಬಲ್ಲರು. ಆದರೆ ಇದರಲ್ಲಿ ಕಾಣುವ ಗಡಿಗೆರೆಯನ್ನು ಹಿಡಿದು ನೆರೆಯವನೊಡನೆ ಬಡಿದಾಡುವವರು ಒಂದು ಸಂಗತಿ ತಿಳಿಯಬೇಕು. ಈ ಗೆರೆ ಬಂದದ್ದು ಹಳೆಯ ಗ್ರಾಮನಕ್ಷೆಯಿಂದ. ಆ ನಕ್ಷೆ ಎಂಟು ಅಂಗುಲಕ್ಕೆ ಒಂದು ಮೈಲು. ಅದರ ಮೇಲೆ ಅರ್ಧ ಮಿಲಿಮೀಟರು ದಪ್ಪದ ಮಸಿಗೆರೆ ಎಳೆದರೆ ಆ ಗೆರೆಯ ಅಗಲವೇ ನೆಲದ ಮೇಲೆ ಸುಮಾರು ನಾಲ್ಕು ಮೀಟರು, ಹದಿಮೂರು ಫೂಟು. ಅದನ್ನು ಗಣಕಯಂತ್ರದಲ್ಲಿ ಕೂರಿಸುವಾಗ ಮತ್ತೊಂದಿಷ್ಟು ಸರಿಯುತ್ತದೆ, ಅದರ ಮೇಲೆ ನಿಮ್ಮ ಮೊಬೈಲಿನ ಹದಿನಾರು ಫೂಟು. ಹೀಗಿರುವಾಗ, ಗೆರೆ ನಿನ್ನ ಹೊಲದಲ್ಲಿ ಎಂಟು ಫೂಟು ಒಳಗೆ ಬರುತ್ತದೆ, ಬದು ಕೀಳು ಎಂದರೆ ಅದು ನ್ಯಾಯವಲ್ಲ, ಜಗಳಕ್ಕೆ ನೆಪ. ಕುಂದಗೋಳದ ಕಡೆಯ ಒಂದು ಹಳ್ಳಿಯಲ್ಲಿ ಇಬ್ಬರು ದಾಯಾದಿಗಳು ಒಂದೇ ಮೂಲೆಯಲ್ಲಿ ನಿಂತು ಎರಡು ಮೊಬೈಲು ಹಿಡಿದು, ಎರಡರಲ್ಲಿಯೂ ಗೆರೆ ಬೇರೆ ಬೇರೆ ಕಡೆ ಕಂಡು, ಪ್ರತಿಯೊಬ್ಬನೂ ತನಗೆ ಲಾಭವಿರುವ ಮೊಬೈಲೇ ಸರಿ ಎಂದು ಕೂಗಾಡಿದ್ದನ್ನು ನಾನು ನೋಡಿದ್ದೇನೆ. ಇಬ್ಬರೂ ಗಿರಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವವರು. ಆ ಮೂಲೆಯ ಬಾಂದಿನ ಕಲ್ಲನ್ನು ಹುಡುಕಬೇಕೆಂದು ಇಬ್ಬರಿಗೂ ತೋಚಲಿಲ್ಲ. ಹಾರೆ ತಂದು ಒಂದೂವರೆ ಮೊಳ ಎರೆಮಣ್ಣು ತೆಗೆದಾಗ ಕಲ್ಲು ಅಲ್ಲಿಯೇ ಇತ್ತು, ಎರಡೂ ಮೊಬೈಲು ತೋರಿಸಿದ ಜಾಗ ಬಿಟ್ಟು. ಬಾಂದಿನ ಕಲ್ಲನ್ನು ಕೀಳುವುದು, ಸರಿಸುವುದು 1964 ರ ಭೂಕಂದಾಯ ಕಾಯಿದೆಯಂತೆ ದಂಡಕ್ಕೆ ಪಾತ್ರವಾದ ತಪ್ಪು. ಮೊಬೈಲಿನಲ್ಲಿ ಹಾಗೆ ತೋರಿಸಿತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಗಡಿಯ ಜಗಳಕ್ಕೆ ದಾರಿ ಹದ್ದುಬಸ್ತು. ಅದಕ್ಕೆ ಅರ್ಜಿ ಕೊಡಬೇಕು. ಮೋಜಣಿದಾರ ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು, ಟಿಪ್ಪಣಿ ಎಂಬ ಮೂಲ ಅಳತೆಯ ಕಾಗದ ತಂದು, ಕಲ್ಲಿನಿಂದ ಕಲ್ಲಿಗೆ ಅಳೆದು ಗಡಿ ತೋರಿಸುತ್ತಾನೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ ಹನ್ನೊಂದು ಇ ನಕ್ಷೆ ಬೇಕೇ ಬೇಕು. ಪಾಲಾದ ಮೇಲೆ ಪೋಡಿ ಮಾಡಿಸಬೇಕು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ವಾಟ್ನಿ ಮಾಡಿಕೊಂಡು, ಉತಾರದಲ್ಲಿ ಎಲ್ಲರ ಹೆಸರೂ ಒಟ್ಟಿಗೇ ಇರುವ ಹೊಲಗಳು ನಮ್ಮಲ್ಲಿ ಎಷ್ಟಿಲ್ಲ? ಅಲ್ಲಿ ಮೊಬೈಲು ಬದುವಿನ ಒಳಗಿನ ಒಂದು ತುಂಡನ್ನು ಅಳೆದು ತೋರಿಸಬಹುದು, ಆ ತುಂಡು ನಿನ್ನದೆಂದು ಹೇಳಲಾರದು. ಹುಬ್ಬಳ್ಳಿಯಲ್ಲಿ ದುಡಿಯುತ್ತ ಊರ ಹೊಲವನ್ನು ತಮ್ಮನಿಗೆ ಬಿಟ್ಟು ಬಂದ ಗಿರಣಿ ಕಾಮಗಾರರಿಗೆ ಈ ಮಾತು ಮುಖ್ಯ. ತಮ್ಮ ಫೋಟೋ ಕಳಿಸಿ, ನಿನ್ನ ಪಾಲು ಒಂದೂಕಾಲು ಎಕರೆ ಅಳೆದಿದ್ದೇನೆ ಎಂದರೆ ಸಂತೋಷಪಡಿರಿ, ಪೋಡಿಯ ಅರ್ಜಿಯನ್ನೂ ಕೊಡಿರಿ. ಅಕ್ಕತಂಗಿಯರ ಪಾಲನ್ನು ಮರೆಯಬೇಡಿರಿ. 2005 ರ ತಿದ್ದುಪಡಿಯಾದಾಗಿನಿಂದ ಪಿತ್ರಾರ್ಜಿತದಲ್ಲಿ ಮಗಳು ಮಗನಿಗೆ ಸಮ. ಮೊಬೈಲಿನಲ್ಲಿ ಎರಡೇ ತುಂಡು ಮಾಡಿ ಬಣ್ಣ ಹಚ್ಚಿದ ಮಾತ್ರಕ್ಕೆ ಮೂರನೆಯ ಪಾಲು ಅಳಿಸಿಹೋಗುವುದಿಲ್ಲ.

ಉತಾರದ ಅಂಕೆ ಮತ್ತು ಮೊಬೈಲಿನ ಅಂಕೆ ಕೂಡದಿರಲು ಇನ್ನೊಂದು ಕಾರಣ ಖರಾಬು. ಉತಾರದಲ್ಲಿ ಒಟ್ಟು ಕ್ಷೇತ್ರ ಒಂದು ಕಡೆ, ಅದರಲ್ಲಿ ಫೂಟ್ ಖರಾಬು ಎಷ್ಟು, ಕಳೆದು ಉಳಿದದ್ದು ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಅ ಖರಾಬು ಸಾಗುವಳಿಗೆ ಬಾರದ ನೆಲ, ಬ ಖರಾಬು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ್ದು. ನಾಲ್ಕು ಎಕರೆಯಲ್ಲಿ ಆರು ಗುಂಟೆ ಖರಾಬಿದ್ದರೆ ಸಾಗುವಳಿ ಮೂರು ಎಕರೆ ಮೂವತ್ತನಾಲ್ಕು. ಮೊಬೈಲಿಗೆ ಹಳ್ಳ ಯಾವುದು ಹರಗಿದ ನೆಲ ಯಾವುದು ಎಂಬ ಭೇದ ತಿಳಿಯದು. ಆದುದರಿಂದ ಕೂಲಿಯ ಗುತ್ತಿಗೆ ಹಿಡಿಯುವಾಗ, ಟ್ರ್ಯಾಕ್ಟರಿನವನೊಡನೆ ಎಕರೆಗೆ ದರ ಮಾತಾಡುವಾಗ, ಯಾವ ಎಕರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಉತಾರದ್ದೋ, ಮೊಬೈಲಿನದೋ, ಯಾರ ಮೊಬೈಲಿನದು? ಕೆಲಸ ಮುಗಿದ ಮೇಲೆ ಈ ಪ್ರಶ್ನೆ ಎತ್ತಿದರೆ ದುಡಿದವನು ಸೋಲುತ್ತಾನೆ, ಏಕೆಂದರೆ ದುಡ್ಡು ಇನ್ನೊಬ್ಬನ ಕೈಯಲ್ಲಿರುತ್ತದೆ. ಆ ತಾಯಿಯ ಗುಂಪಿನವರು ಈಗ ಒಂದು ಪದ್ಧತಿ ಮಾಡಿಕೊಂಡಿದ್ದಾರಂತೆ. ಕಳೆಗೆ ಇಳಿಯುವ ಮುನ್ನ ತಮ್ಮ ಗುಂಪಿನ ಒಂದು ಮೊಬೈಲು, ಮಾಲಕನ ಒಂದು ಮೊಬೈಲು, ಎರಡೂ ಕೂಡಿಯೇ ಹೊಲ ಸುತ್ತುತ್ತವೆ. ಬಂದ ಎರಡು ಅಂಕೆಯನ್ನು ಗುಂಟೆ ಮಾಡಿ ಉತಾರದೊಡನೆ ಹಿಡಿದು ನೋಡಿ ದರ ಕಟ್ಟುತ್ತಾರೆ. ಇದನ್ನು ನಾನು ಅವರಿಂದ ಕಲಿತೆ. ಅವರಿಗೆ ನಾನು ಕಲಿಸಿದ್ದು ನಲವತ್ತರ ಗುಣಾಕಾರ ಮಾತ್ರ.

ಪರಿಹಾರದ ವಿಷಯದಲ್ಲಿ ಸರಕಾರ ಹೆಕ್ಟೇರಿನ ಭಾಷೆ ಆಡುತ್ತದೆ. 2022 ರಿಂದ 2026 ರ ವರೆಗಿನ ಕಾಲಕ್ಕೆ ಕೇಂದ್ರ ಸರಕಾರ ಗೊತ್ತುಪಡಿಸಿದ ಬೆಳೆಹಾನಿಯ ದರ ಮಳೆಯಾಶ್ರಿತ ನೆಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಒಬ್ಬ ರೈತನಿಗೆ ಎರಡು ಹೆಕ್ಟೇರು ಮಿತಿ. ಎರಡು ಹೆಕ್ಟೇರು ಎಂದರೆ ಎಷ್ಟೆಂದು ಕೇಳಿದಾಗ ಬಹಳ ಜನ ಐದು ಎಕರೆ ಎನ್ನುತ್ತಾರೆ. ನಾಲ್ಕು ಎಕರೆ ಮೂವತ್ತೇಳು ಗುಂಟೆ ಚಿಲ್ಲರೆ. ಐದಕ್ಕೆ ಎರಡು ಗುಂಟೆ ಕಡಿಮೆ, ಚಿಂತೆಯಿಲ್ಲ. ಆದರೆ 8,500 ನ್ನು ಎಕರೆಯ ದರವೆಂದು ತಿಳಿದು, ಬಂದ ದುಡ್ಡು ಕಡಿಮೆಯಾಯಿತೆಂದು ಗ್ರಾಮ ಲೆಕ್ಕಿಗನ ಮೇಲೆ ಹರಿಹಾಯ್ದವರುಂಟು. ಎಕರೆಗೆ ಅದು ಸುಮಾರು 3,440 ರೂಪಾಯಿ, ಗುಂಟೆಗೆ ಎಂಬತ್ತಾರು. ಬಯ್ಯಬೇಕಾದದ್ದು ಲೆಕ್ಕಿಗನನ್ನಲ್ಲ, ಒಂದು ಎಕರೆ ಹೆಸರು ಕೊಳೆತರೆ 3,440 ರಲ್ಲಿ ಬೀಜದ, ಗೊಬ್ಬರದ, ಕೂಲಿಯ ಖರ್ಚು ಯಾವುದು ತೀರುತ್ತದೆ ಎಂದು ಕೇಳದ ಸರಕಾರವನ್ನು. ಅಂಕೆ ಸರಿಯಾಗಿ ಓದಿದವನ ಸಿಟ್ಟು ಸರಿಯಾದ ಬಾಗಿಲಿಗೆ ಹೋಗಿ ತಟ್ಟುತ್ತದೆ. ಬೆಳೆ ಸಮೀಕ್ಷೆಯೂ ಈಗ ಆ್ಯಪಿನಲ್ಲಿಯೇ. 2020 ರಲ್ಲಿ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಕಳಿಸುವ ವ್ಯವಸ್ಥೆ ಬಂದಿತು. ಅಲ್ಲಿ ಅರ್ಧ ಹೊಲಕ್ಕೆ ಹತ್ತಿ, ಅರ್ಧಕ್ಕೆ ಮೆಣಸಿನಕಾಯಿ ಇದ್ದರೆ ಗುಂಟೆಯನ್ನು ಗುಂಟೆಯ ಮನೆಯಲ್ಲಿಯೇ ತುಂಬಿರಿ, ದಶಮಾಂಶ ಮಾಡಬೇಡಿರಿ. ಒಮ್ಮೆ ತಪ್ಪಾಗಿ ಹೋದದ್ದನ್ನು ತಿದ್ದಿಸಲು ಎಷ್ಟು ಸಲ ತಾಲೂಕಿಗೆ ತಿರುಗಬೇಕೆಂಬುದನ್ನು ತಿರುಗಿದವರು ಹೇಳಲಿ.

ಸಂಗಾತಿಗಳೆ, ಯಂತ್ರ ಬೇಡವೆಂದು ಹೇಳಲು ನಾನು ಬಂದಿಲ್ಲ. ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆಯುವ ಯಂತ್ರ ಈಗ ಉಂಟು. ನೆಲದ ಮೇಲಿನ ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆದು ಉಪಗ್ರಹದ ತಪ್ಪನ್ನು ಕಳೆಯುವ ರೋವರ್ ಎಂಬ ಸಾಧನವನ್ನು ಭೂಮಾಪನ ಇಲಾಖೆಯ ಮೋಜಣಿದಾರರಿಗೆ ಸರಕಾರ ಕೊಡತೊಡಗಿದೆ. ಇದು ಆಗಬೇಕಾದ ಕೆಲಸ. ಆದರೆ ರೋವರು ತಾಲೂಕಿನ ಕಪಾಟಿನಲ್ಲಿದ್ದು, ಬಡವನ ಅರ್ಜಿ ತಿಂಗಳುಗಟ್ಟಲೆ ಕೆಳಗೆ ಬಿದ್ದಿದ್ದರೆ, ದುಡ್ಡಿದ್ದವನು ಬೇಗ ಅಳೆಸಿಕೊಳ್ಳುತ್ತಾನೆ, ಇಲ್ಲದವನು ಐದು ಮೀಟರು ತಪ್ಪಿನ ಮೊಬೈಲಿನಲ್ಲಿ ತೃಪ್ತಿಪಡಬೇಕಾಗುತ್ತದೆ. ನಾವು ಕೇಳಬೇಕಾದದ್ದು ಇಷ್ಟು: ಎರಡು ಎಕರೆಗಿಂತ ಕಡಿಮೆ ಹಿಡುವಳಿಯವರ ಹದ್ದುಬಸ್ತು, ಪೋಡಿ ಸರಕಾರದ ಖರ್ಚಿನಲ್ಲಿ ಆಗಲಿ, ಟಿಪ್ಪಣಿಯ ನಕಲು ಓದುವಂಥ ಅಕ್ಷರದಲ್ಲಿ ಪ್ರತಿಯೊಬ್ಬ ಹಿಡುವಳಿದಾರನಿಗೆ ಸಿಗಲಿ, ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ, ಮಂತ್ರಿಗಳ ಚಿತ್ರದ ಪಕ್ಕದಲ್ಲಿಯಾದರೂ ಸರಿ, ಎಕರೆ ಗುಂಟೆ ಹೆಕ್ಟೇರಿನ ಒಂದು ಕೋಷ್ಟಕ ಬರೆಸಲಿ. ಈ ಕೊನೆಯದಕ್ಕೆ ಸರಕಾರದ ದಾರಿ ಕಾಯಬೇಕಾಗಿಲ್ಲ. ಸುಣ್ಣ, ಕಾವಿ, ಒಂದು ಏಣಿ ಸಾಕು. ತರುಣ ಸಂಗಾತಿಗಳು ಯಾರು ಏಣಿ ಹಿಡಿಯುತ್ತೀರಿ ಎಂಬುದನ್ನು ಅಧ್ಯಕ್ಷರು ಈಗಲೇ ಕೇಳಿ ಬರೆದುಕೊಳ್ಳಲಿ.

ಮಾತು ಬಹಳವಾಯಿತು. ಬಿಸಿಲು ಇಳಿಯುತ್ತಿದೆ. ಈ ಶಾಲೆಯ ಬಯಲನ್ನು ಈಗ ಅಳೆಯೋಣ. ಯಾರ ಯಾರ ಹತ್ತಿರ ಮೊಬೈಲಿದೆಯೋ ಎಲ್ಲರೂ ಬೇರೆ ಬೇರೆಯಾಗಿ ಸುತ್ತಿ ಬನ್ನಿರಿ, ಬಂದ ಅಂಕೆಯನ್ನು ಯಾರಿಗೂ ಹೇಳದೆ ಚೀಟಿಯಲ್ಲಿ ಬರೆದು ಗುರುಗಳ ಮೇಜಿನ ಮೇಲೆ ಇಡಿರಿ. ಹೆಣ್ಣುಮಕ್ಕಳು ಟೇಪು ಹಿಡಿಯಲಿ. ಟೇಪಿನ ಅಳತೆ ಬಂದ ಮೇಲೆ ಚೀಟಿಗಳನ್ನು ಬಿಚ್ಚೋಣ.